ಗೋಡೆ ಒಂದು, ಮಹಡಿ ಐವತ್ತು

ಹಳೇ ಪೇಟೆಯ ನಟ್ಟನಡುವೆ ಐವತ್ತು ಮಹಡಿಯ ಐಷಾರಾಮಿ ಅಪಾರ್ಟ್‌ಮೆಂಟ್ ಎದ್ದರೆ ಪರಂಪರೆ ಹಾಳಾಗುತ್ತದೆ ಎಂದು ಕೆಲವರು ಗೊಣಗುತ್ತಾರೆ. ಸುಮ್ನೆ ಭಯ. ಪರಂಪರೆ ಉಳಿಸುವುದು ಹೇಗೆಂದು ಬಿಲ್ಡರ್‌ಗೆ ಚೆನ್ನಾಗಿ ಗೊತ್ತು. ಒಂದು ಗೋಡೆ ಉಳಿಸಿದರೆ ಸಾಕು.

ರಸ್ತೆ ಕಡೆಯ ಗೋಡೆ ಬಿಟ್ಟು ಹಿಂದಿರುವುದನ್ನೆಲ್ಲ ಕೆಡವುತ್ತಾರೆ. ಮೆಟ್ಟಿಲು, ತೊಲೆ, ಅಂಗಳ ಎಲ್ಲ ಹೋಗುತ್ತದೆ. ಬಾಡಿಗೆಗಿದ್ದವರು ಅದಕ್ಕೂ ಮೊದಲೇ ಹೋಗಿರುತ್ತಾರೆ. ಒಂಟಿ ಗೋಡೆ ಬೀಳದಂತೆ ಕಬ್ಬಿಣದ ಆಸರೆ ಕೊಡುತ್ತಾರೆ. ಆಗ ಹೋಗಿ ನೋಡಬೇಕು. ಕೆತ್ತನೆಯ ಕಿಟಕಿ ಹಾಗೇ ಇದೆ, ಅದರಾಚೆ ಬರೀ ಆಕಾಶ. ಮುಂಬಾಗಿಲು ದಾಟಿದರೆ ನೇರ ಪಾರ್ಕಿಂಗ್ ಗುಂಡಿಗೆ. ಆಮೇಲೆ ಹಿಂದೆ ಟವರ್ ಏಳುತ್ತದೆ. ಹಳೇ ಮಹಡಿಯ ಎತ್ತರ ಬೇರೆ, ಹೊಸದರ ಎತ್ತರ ಬೇರೆ. ಎಷ್ಟೋ ಕಡೆ ಕಿಟಕಿಯ ಹೊಟ್ಟೆಗೇ ಸ್ಲ್ಯಾಬ್ ಬಂದು ಕೂರುತ್ತದೆ. ಮೇಲಿನವರಿಗೆ ಅರ್ಧ ಇತಿಹಾಸ, ಕೆಳಗಿನವರಿಗೆ ಅರ್ಧ. ಹುಲಿ ಕೊಂದು ಚರ್ಮ ತೂಗುಹಾಕಿದವನೂ ಹುಲಿ ಉಳಿಸಿದೆ ಎನ್ನಬಹುದು, ಅಲ್ವಾ?

ಬ್ರೋಷರ್ ನೋಡಿದ್ದೀರಾ? ಅದರಲ್ಲಿ ಟವರ್‌ಗೆ ಆಕಾಶದ್ದೇ ಬಣ್ಣ. ಎಲ್ಲಿ ಕಟ್ಟಡ ಮುಗಿಯಿತು, ಎಲ್ಲಿ ಮೋಡ ಶುರುವಾಯಿತು ಗೊತ್ತಾಗುವುದಿಲ್ಲ. ಎಲ್ಲ ಬಾಲ್ಕನಿಯಲ್ಲೂ ಮರ. ಕೆಳಗೆ ಮಗುವೊಂದು ಬಲೂನು ಹಿಡಿದು ಬಿಸಿಲಲ್ಲಿ ಓಡುತ್ತಿದೆ. ಇಷ್ಟೆತ್ತರದ ಕಟ್ಟಡಕ್ಕೆ ನೆರಳೇ ಇಲ್ಲ! ದೆವ್ವಕ್ಕೆ ಮಾತ್ರ ನೆರಳಿಲ್ಲ ಅಂದುಕೊಂಡಿದ್ದೆವು.

ಎತ್ತರದ ಲೆಕ್ಕವೂ ಹಾಗೇ. ನ್ಯೂಯಾರ್ಕ್‌ನಲ್ಲಿ ಕಟ್ಟಡದ ಒಟ್ಟು ವಿಸ್ತೀರ್ಣಕ್ಕೆ ಮಿತಿಯಿದೆ, ಆದರೆ ಯಂತ್ರಗಳಿಗೆಂದು ಬಿಟ್ಟ ಮಹಡಿ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸರಿ, ಯಂತ್ರಗಳಿಗೂ ಐಷಾರಾಮ ಬೇಡವೇ? ಅವುಗಳ ಕೋಣೆ ಮನುಷ್ಯರ ಮನೆಗಿಂತ ಎಷ್ಟೋ ಪಟ್ಟು ಎತ್ತರ ಬೆಳೆಯಿತು. ಮೇಲಿನ ಫ್ಲ್ಯಾಟ್ ಇನ್ನೂ ಮೇಲೆ ಹೋಯಿತು, ಅದರ ದರ ಅದಕ್ಕಿಂತ ಮೇಲೆ. 2019ರಲ್ಲಿ ಅಲ್ಲಿಯ ಸಿಟಿ ಕೌನ್ಸಿಲ್ 25 ಅಡಿ ಮೀರಿದರೆ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದಿತು. ಪಾಪ, ಯಂತ್ರಗಳಿಗೆ ಉಸಿರುಗಟ್ಟಿರಬೇಕು.

ಪ್ಯಾರಿಸ್‌ನವರು 1973ರಲ್ಲಿ 210 ಮೀಟರಿನ ಮೊಂಪಾರ್ನಾಸ್ ಟವರ್ ನೋಡಿ ಎಷ್ಟು ಬೆಚ್ಚಿದರೆಂದರೆ, 1977ರಲ್ಲಿ ಕಟ್ಟಡಗಳ ಎತ್ತರಕ್ಕೇ ಕಡಿವಾಣ ಹಾಕಿದರು. ಅದು ಆಫೀಸು ಕಟ್ಟಡ, ನಿಜ. ಆದರೆ ಕಣ್ಣಿಗೆ ಚುಚ್ಚುವಾಗ ಒಳಗೆ ಆಫೀಸಿದೆಯೋ ಬೆಡ್‌ರೂಮಿದೆಯೋ ಯಾರು ಕೇಳುತ್ತಾರೆ? ವಿಯೆನ್ನಾದ ಹಳೇ ನಗರವನ್ನು ಎತ್ತರದ ಯೋಜನೆಗಳ ಕಾರಣಕ್ಕೆ ಯುನೆಸ್ಕೋ 2017ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಲಿವರ್‌ಪೂಲ್ ಬಂದರಿನ ದಡದಲ್ಲಿ ಹೊಸ ಕಟ್ಟಡಗಳು ಜಾಸ್ತಿಯಾಗಿ, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು. ಬಿಲ್ಡರ್‌ಗೆ ಇದರಿಂದ ನಷ್ಟವೇನಿಲ್ಲ. ಪಟ್ಟಿಯಿಂದ ಹೆಸರು ಹೋಗುವ ಹೊತ್ತಿಗೆ ಫ್ಲ್ಯಾಟ್ ಮಾರಾಟವಾಗಿರುತ್ತದೆ.

ಮಾರುವುದಾದರೂ ಏನನ್ನು? ಸ್ವಿಮ್ಮಿಂಗ್ ಪೂಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಇಲ್ಲಿ ದುಡ್ಡು ಕೊಡುವುದು ಕಿಟಕಿಯಾಚೆಯ ಹಳೇ ಗೋಪುರ, ಹೆಂಚಿನ ಮಾಡುಗಳಿಗೆ. ಅವನ್ನು ಯಾರೋ ನೂರಾರು ವರ್ಷ ರಿಪೇರಿ ಮಾಡಿಕೊಂಡು ಕಾಪಾಡಿದ್ದಾರೆ. ಅವರಿಗೆ ಕಮಿಷನ್ ಇಲ್ಲ. ಕೊಂಡವರಲ್ಲಿ ಎಷ್ಟೋ ಮಂದಿ ಅಲ್ಲಿ ವಾಸವೂ ಇರುವುದಿಲ್ಲ, ಅದು ಬೇರೆ ಮಾತು.

ಇಷ್ಟಾದ ಮೇಲೆ ಪಕ್ಕದ ಸೈಟಿನಲ್ಲಿ ಅರವತ್ತು ಮಹಡಿಗೆ ಅರ್ಜಿ ಬೀಳುತ್ತದೆ. ಮೊದಲ ತಕರಾರು ಯಾರದ್ದು ಗೊತ್ತಾ? ಐವತ್ತು ಮಹಡಿಯವರದ್ದು. ಪೇಟೆಯ ಐತಿಹಾಸಿಕ ಸ್ವರೂಪಕ್ಕೆ ಧಕ್ಕೆಯಾಗುತ್ತದೆ, ಎತ್ತರದ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು ಮನವಿ ಕೊಡುತ್ತಾರೆ. ವಿಳಾಸ: ನಲವತ್ತೇಳನೇ ಮಹಡಿ, ಪೂರ್ವದ ಬಾಲ್ಕನಿ.