ಗೋಣಿಚೀಲದ ನೋಟ್ಸು

"ಏನ್ ನೋಟ್ಸ್ ಸಿಕ್ತು ಸರ್?" ಅಂತ ಆ ಹುಡುಗ ಕೇಳ್ದಾಗ ನಾನು ಬಿಲ್ಲಿನ ವಿಷ್ಯ ಅಂದ್ಕೊಂಡು ಜೇಬಿಗೆ ಕೈ ಹಾಕಿದ್ದೆ, ಐನೂರರದ್ದು ಎರಡಿತ್ತು. ಪಕ್ಕದಲ್ಲಿದ್ದ ಭಾಮೈದ ಮೊಣಕೈಯಲ್ಲಿ ತಿವಿದ. "ದುಡ್ಡಲ್ಲ ಭಾವ, ರುಚಿ. ಬಾಯಿಗೆ ಏನೇನು ಬಂತು ಅಂತ ಕೇಳ್ತಿದ್ದಾನೆ."

ಬಾಯಿಗೆ ಏನು ಬರುತ್ತೆ, ಬಿಯರ್ ಬಂತು.

ನಾನು ಅಲ್ಲಿಗೆ ರುಚಿ ನೋಡೋಕೆ ಹೋಗಿದ್ದಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಜುಲೈ ಮೊದಲ ಶನಿವಾರ, ನಮ್ಮ ಸೋಮವಾರಪೇಟೆ ಕಡೆ ಮೂರು ದಿನದಿಂದ ಕರೆಂಟಿಲ್ಲ, ಲೈನ್ ಮೇಲೆ ಮರ ಬಿದ್ದು ಕಂಬ ಮಲಗಿತ್ತು, ಇನ್ವರ್ಟರ್ ಎರಡನೇ ದಿನಕ್ಕೇ ಕೈ ಎತ್ತಿತ್ತು, ಮನೇಲಿರೋ ಫೋನೆಲ್ಲ ಸತ್ತು ಬಿದ್ದಿದ್ವು. ಭಾಮೈದ ಬೆಂಗಳೂರಿಂದ ಮಳೆ ನೋಡೋಕೆ ಅಂತ ಬಂದಿದ್ದ (ಅವರಿಗೆಲ್ಲ ಮಳೆ ನೋಡೋ ವಸ್ತು, ನಮಗೆ ಮೂರು ತಿಂಗಳು ಚಡ್ಡಿ ಒಣಗದೇ ಇರೋ ವಿಷ್ಯ). ಮಡಿಕೇರಿ ರೋಡಲ್ಲಿ ಹೊಸದಾಗಿ ಬ್ರೂವರಿ ಆಗಿದೆ, ಸ್ವಂತ ಬಿಯರ್ ಅಂತೆ, ಸೀಸನ್ನಿಗೊಂದು ಸ್ಪೆಷಲ್ ಅಂತೆ ಅಂತ ಶುರು ಮಾಡಿದ, ನಾನು ಸೊಪ್ಪು ಹಾಕ್ಲಿಲ್ಲ. ಕೊನೆಗೆ "ಅಲ್ಲಿ ಜನರೇಟರ್ ಇದೆ ಭಾವ" ಅಂದ. ಚಾರ್ಜರ್ ಹಿಡ್ಕೊಂಡು ಮೊದಲು ಕಾರು ಹತ್ತಿದ್ದು ನಾನು.

ಅಲ್ಲಿ ಒಂದು ಉದ್ದ ಹಲಗೆ ತಂದಿಟ್ರು. ಹಲಗೇಲಿ ಆರು ಗುಂಡಿ, ಗುಂಡಿಗೊಂದು ಪುಟಾಣಿ ಗ್ಲಾಸು. ಹಲಗೆ ಸಿಲ್ವರ್ ಓಕಿಂದು, ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸೋಕೆ ಹಾಕೋ ಮರ, ಅದಕ್ಕೆ ಪಾಲಿಶ್ ಹೊಡ್ದು ಹೆಸರು ಬರ್ದಿದ್ರು. ಮೊದಲನೇದು ಕಹಿ. ಇಂಡಿಯಾ ಪೇಲ್ ಏಲ್ ಅಂತೆ, ಹಿಂದೆ ಇಂಗ್ಲೆಂಡಿಂದ ಇಲ್ಲಿರೋ ದೊರೆಗಳಿಗೆ ಅಂತ ಹಾಪ್ಸು (ಬಿಯರಿಗೆ ಕಹಿ ಕೊಡೋ ಹೂವು) ಜಾಸ್ತಿ ಹಾಕಿ ಹಡಗಲ್ಲಿ ಕಳಿಸ್ತಿದ್ದ ಸರಕು. ದೊರೆಗಳು ಹೋಗಿ ಇಷ್ಟು ವರ್ಷ ಆಯ್ತು, ಅವರ ಕಷಾಯ ಈಗ ನನ್ನ ಮುಂದೆ. ಎರಡನೇದು ಗೋಧಿದು, ಅದರಲ್ಲಿ ಬಾಳೆಹಣ್ಣು, ಲವಂಗ ಎರಡೂ ಘಮ್ ಅಂತಿತ್ತು, ನಿಜ ಹೇಳ್ಬೇಕಂದ್ರೆ ಚೆನ್ನಾಗೂ ಇತ್ತು. ಬಾಳೆಹಣ್ಣು ಹಾಕ್ತೀರಾ ಅಂದ್ರೆ ಇಲ್ಲ ಸರ್, ಲವಂಗಾನೂ ಇಲ್ಲ, ಎರಡೂ ವಾಸನೆ ಯೀಸ್ಟೇ ಹುಟ್ಟಿಸುತ್ತೆ ಅಂದ. ಬಾಳೆಹಣ್ಣಿಲ್ದೆ ಬಾಳೆಹಣ್ಣು. ಇದನ್ನ ನಂಬ್ಬೇಕಾ ಬಿಡ್ಬೇಕಾ ಅಂತ ಭಾಮೈದನ ಮುಖ ನೋಡಿದ್ರೆ ಅವನು ಫೋಟೋ ತೆಗೀತಿದ್ದ.

ಮೂರನೇದು ಕಾಫಿ ಸ್ಟೌಟ್. ಕಪ್ಪಗೆ, ಮೇಲೆ ಕಂದು ನೊರೆ. ಅದನ್ನ ಮೂಗಿನ ಹತ್ರ ತಂದಾಗಲೇ ಹುಡುಗ ನೋಟ್ಸ್ ಕೇಳಿದ್ದು. ಬೋರ್ಡಲ್ಲಿ ಡಾರ್ಕ್ ಚಾಕೊಲೇಟು, ಕ್ಯಾರಮೆಲ್ಲು ಅಂತೆಲ್ಲ ಬರ್ದಿದ್ರು. ನಾನು ಇನ್ನೊಂದ್ಸಲ ಮೂಸಿದೆ.

"ಗೋಣಿಚೀಲ" ಅಂದೆ.

"ಸರ್?"

"ಒದ್ದೆ ಗೋಣಿಚೀಲ ಕಣಪ್ಪ. ಮಳೆಗಾಲದಲ್ಲಿ ಗೋಡೌನ್ ಬಾಗಿಲು ತೆಗೆದ್ರೆ ಮುಖಕ್ಕೆ ಹೊಡಿಯುತ್ತಲ್ಲ, ಅದು."

ಬೇಜಾರು ಮಾಡ್ಕೋತಾನೆ ಅಂದ್ಕೊಂಡೆ. ಅವನು ಫೋನ್ ತೆಗ್ದು ಟೈಪ್ ಮಾಡ್ಕೊಂಡು "ಜೂಟ್... ನೈಸ್ ಸರ್" ಅಂತ ಹೇಳಿ ಹೋದ.

ನೈಸ್ ಅಂತೆ. ಇದೇ ವಾಸನೆಗೆ ನಾನು ಎಷ್ಟು ಮಾತು ಕೇಳಿದೀನಿ ಅಂತ ಅವನಿಗೇನು ಗೊತ್ತು. ಕಾಫಿ ತಗೊಳ್ಳೋಕೆ ಬರೋ ವ್ಯಾಪಾರಿ ಐವತ್ತು ಕೆ.ಜಿ ಚೀಲದೊಳಗೆ ಮೊಣಕೈವರೆಗೂ ಕೈ ಬಿಡ್ತಾನೆ, ಒಂದು ಹಿಡಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ತೆಗ್ದು ಮೂಸ್ತಾನೆ, ಒಂದು ಬೀಜ ಕಚ್ಚಿ ಪಕ್ಕಕ್ಕೆ ಉಗಿದು, ಹತ್ತಿರದವರು ಸತ್ತ ಸುದ್ದಿ ತಂದವನ ಥರ ಮುಖ ಮಾಡಿ "ಚೀಲದ ವಾಸನೆ ಹೊಡ್ದಿದೆಯಲ್ಲ ಸಾರ್" ಅಂತಾನೆ. ಅಷ್ಟೇ, ಚೀಲಕ್ಕೆ ಇಷ್ಟು ಅಂತ ಕಟ್. ಆಮೇಲೆ ತೇವ ಜಾಸ್ತಿ ಅಂತ ಮಾಯಿಶ್ಚರ್ ಕಟ್, ಸಿಪ್ಪೆ ತೆಗೆದ್ರೆ ಬೀಜ ಕಮ್ಮಿ ಅಂತ ಔಟ್‌ಟರ್ನ್ ಕಟ್. ಅವನು ಹೋದ್ಮೇಲೆ ಅರ್ಧ ಗಂಟೆ ನಾನು ಮನೇಲಿ ಯಾರ ಹತ್ರಾನೂ ಮಾತಾಡಲ್ಲ.

ಸರಿ, ಬಿಡಿ. ಬಾಳೆಹಣ್ಣಿಲ್ದೆ ಬಾಳೆಹಣ್ಣು ಅಂದ್ನಲ್ಲ, ಕಾರಲ್ಲಿ ವಾಪಸ್ ಬರೋವಾಗ ಭಾಮೈದ ಇನ್ನೊಂದು ಹೇಳಿದ. ಜರ್ಮನಿ ಬವೇರಿಯಾದಲ್ಲಿ 1516ರಲ್ಲೇ ಕಾನೂನು ಮಾಡಿದ್ರಂತೆ, ಬಿಯರಿಗೆ ಬಾರ್ಲಿ, ಹಾಪ್ಸು, ನೀರು ಇಷ್ಟೇ, ಬೇರೇನೂ ಹಾಕಂಗಿಲ್ಲ. ಯೀಸ್ಟಿನ ಹೆಸರೇ ಆ ಕಾನೂನಲ್ಲಿಲ್ಲ, ಅಂಥದ್ದೊಂದು ಜೀವ ಒಳಗೆ ಕೂತು ಕೆಲಸ ಮಾಡ್ತಿದೆ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ. ನಮ್ಮ ಚಿಕ್ಕಮ್ಮ ಆ ಕಾಲದ ಬವೇರಿಯಾದಲ್ಲಿ ಇದ್ದಿದ್ರೆ ಜೈಲಲ್ಲೇ ಮುದುಕಿ ಆಗ್ತಿದ್ರು ಅಂದೆ.

ಚಿಕ್ಕಮ್ಮ ಅಂದ್ರೆ ಮಾದಾಪುರದ ಚಿಕ್ಕಮ್ಮ. ಕೊಡಗಲ್ಲಿ ಹೋಮ್ ಮೇಡ್ ವೈನ್ ಮಾಡದ ಮನೆ ಕಮ್ಮಿ, ಆದ್ರೆ ಚಿಕ್ಕಮ್ಮ ಮಾಡ್ತಿದ್ದಿದ್ದು ಬೇರೆ ಮಟ್ಟದ್ದು. ದ್ರಾಕ್ಷಿ, ನೆಲ್ಲಿಕಾಯಿ, ಬೇಲಿ ಮೇಲಿನ ಪ್ಯಾಶನ್ ಫ್ರೂಟ್ ಇದೆಲ್ಲ ಸರಿ, ಶುಂಠಿ, ವೀಳ್ಯದೆಲೆ, ಕಾಳುಮೆಣಸು ಯಾವುದನ್ನೂ ಬಿಡ್ತಿರ್ಲಿಲ್ಲ, ಅಂಗಳದಲ್ಲಿ ಒಂದು ಕಡೆ ಜಾಸ್ತಿ ಹೊತ್ತು ಕೂತ್ರೆ ನಮ್ಮನ್ನೂ ಭರಣಿಗೆ ಹಾಕ್ತಾರೆ ಅಂತ ಚಿಕ್ಕಪ್ಪ ಹೇಳೋರು. ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟು ಹಾಕಿ ಬಾಯಿಗೆ ಬಟ್ಟೆ ಕಟ್ಟೋದು, ಇಪ್ಪತ್ತೊಂದು ದಿನ ದಿನಾ ಮರದ ಸೌಟಲ್ಲಿ ಒಂದೇ ದಿಕ್ಕಿಗೆ ತಿರುಗಿಸೋದು. ನಾನು ಎಂಟನೇ ಕ್ಲಾಸಲ್ಲಿದ್ದ ವರ್ಷ ನೇರಳೆ ಹಣ್ಣು ಸಿಕ್ಕಾಪಟ್ಟೆ ಬಿಟ್ಟಿತ್ತು. ತಂಗಿ ಮಗಳ ನಿಶ್ಚಿತಾರ್ಥ ಹತ್ರ ಬಂತು ಅಂತ ಚಿಕ್ಕಮ್ಮ ಹನ್ನೆರಡನೇ ದಿನಕ್ಕೇ ಸೋಸಿ, ಬಾಟ್ಲಿಗೆ ತುಂಬಿ, ಗಟ್ಟಿಯಾಗಿ ಬಿರಡೆ ಜಡಿದು, ಮೇಲೆ ಮೇಣ ಬೇರೆ ಹಚ್ಚಿ ಹದಿನಾಲ್ಕು ಬಾಟ್ಲಿ ಅಟ್ಟದ ಮೇಲೆ ಜೋಡಿಸಿಟ್ರು.

ಆವತ್ತು ರಾತ್ರಿ ಮನೇಲಿ ಮೈಸೂರಿನ ನೆಂಟರೊಬ್ಬರು ಇದ್ರು, ಬ್ಯಾಂಕಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು, ಅಟ್ಟದ ಕೆಳಗಿನ ಕೋಣೇಲಿ ಮಲಗಿದ್ರು. ಹನ್ನೆರಡೂವರೆ ಇರ್ಬೇಕು, ಢಂ ಅಂತು. ಕೊಡಗಲ್ಲಿ ತೋಟದ ಮನೇಲಿ ರಾತ್ರಿ ಢಂ ಅಂದ್ರೆ ಯಾರೂ ವೈನ್ ಅಂತ ಯೋಚ್ನೆ ಮಾಡಲ್ಲ, ಆನೆ ಅಂತಾರೆ. ಹಲಸು ಹಣ್ಣಾಗೋ ಕಾಲ ಬೇರೆ. ಚಿಕ್ಕಪ್ಪ ಎದ್ದವರೇ ಪಕ್ಕದ ತೋಟದವನು ಪಟಾಕಿ ಹೊಡ್ದು ಆನೇನ ನಮ್ ಕಡೆ ಓಡಿಸ್ತಿದ್ದಾನೆ ಅಂತ ತೀರ್ಮಾನ ಮಾಡಿ, ಟಾರ್ಚು, ಪಟಾಕಿ ಹಿಡ್ಕೊಂಡು ಅಂಗಳಕ್ಕೆ ಹೋಗಿ ಎರಡು ಹೊಡೆದ್ರು. ಅದು ಕೇಳಿ ಪಕ್ಕದವನು, ಅಂದ್ರೆ ಅಲ್ಲಿವರೆಗೂ ಪಾಪ ನಿದ್ದೆ ಮಾಡ್ತಿದ್ದವನು, ಎದ್ದು ನಾಲ್ಕು ಹೊಡೆದ. ಅದರ ಆಚೆ ತೋಟದ ಆಳುಗಳ ಲೈನ್ ಮನೆಯವರು ಡಬ್ಬ ಬಡಿಯೋಕೆ ಶುರು ಮಾಡಿದ್ರು. ಅಷ್ಟರಲ್ಲಿ ಅಟ್ಟದಲ್ಲಿ ಎರಡನೇದು ಹೋಯ್ತು, ಮೂರನೇದು ಹೋಯ್ತು, ಪ್ರತಿ ಸಲಾನೂ ಚಿಕ್ಕಪ್ಪ "ನೋಡ್ದಾ, ಮತ್ತೆ ಹೊಡೆದ" ಅಂತ ಪಕ್ಕದವನಿಗೆ ಎರಡು ಬೈಗುಳ, ಒಂದು ಪಟಾಕಿ ವಾಪಸ್. ರಾತ್ರಿ ಮೂರು ಗಂಟೆವರೆಗೂ ಇಡೀ ಊರು ಸೇರಿ ಇಲ್ಲದ ಆನೇನ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಓಡಿಸ್ತು.

ಬೆಳಿಗ್ಗೆ ಮೈಸೂರಿನವರು ಹೊರಗೆ ಬಂದ್ರು. ಬಿಳಿ ಬನಿಯನ್ನು ಪೂರ್ತಿ ನೇರಳೆ ಬಣ್ಣ, ಅಟ್ಟದ ಹಲಗೆ ಸಂದೀಲಿ ಸೋರಿ ರಾತ್ರಿಯಿಡೀ ತೊಟ್ಟಿಕ್ಕಿತ್ತು. ಆ ಮನುಷ್ಯ ಒಂದು ಮಾತು ಬೈಲಿಲ್ಲ. ಬನಿಯನ್ನಿನ ತುದಿ ಬಾಯಿಗಿಟ್ಟು ಸ್ವಲ್ಪ ಚೀಪಿ, ಕಣ್ಣು ಮುಚ್ಚಿ, "ನೇರಳೆ ಅಲ್ವಾ? ಹುಳಿ ಮುಂದಾಗಿದೆ. ಇನ್ನೊಂದು ಹದಿನೈದು ದಿನ ಬಿಡಬೇಕಿತ್ತು ತಾಯಿ" ಅಂದ್ರು. ನನ್ನ ಜೀವನದಲ್ಲಿ ನಾನು ಕಂಡ ಒಬ್ಬನೇ ನಿಜವಾದ ಟೇಸ್ಟರ್ ಅವರು. ಹಲಗೆ ಇಲ್ಲ, ಪುಟಾಣಿ ಗ್ಲಾಸಿಲ್ಲ, ಬನಿಯನ್ನು.

ಇದರಲ್ಲಿ ಇನ್ನೂ ಸ್ವಲ್ಪ ಬಾಕಿ ಇದೆ. ನಾಲ್ಕನೇ ರಾತ್ರಿ ಮತ್ತೆ ಢಂ ಢಂ ಅಂತು. ಚಿಕ್ಕಪ್ಪ ಮಗ್ಗುಲು ಬದಲಾಯಿಸಿ "ನಿನ್ನ ವೈನು ಕಣೇ" ಅಂದ್ರು. ಚಿಕ್ಕಮ್ಮ "ಉಳಿದಿದ್ದೆಲ್ಲ ಚೆಲ್ಲಿದೀನಿ" ಅಂದ್ರೂ ಯಾರೂ ಏಳ್ಲಿಲ್ಲ. ಪಟಾಕಿ ಹೊಡೀತಿದ್ದವನು ಪಕ್ಕದವನು, ಈ ಸಲ ಆನೆ ನಿಜವಾಗ್ಲೂ ಬಂದಿತ್ತು. ಮೂರು ಹಲಸು, ಬಾವಿ ಹತ್ರದ ಬಾಳೆ ಅಷ್ಟೂ ಹೋಯ್ತು, ಪಂಪ್ ಪೈಪು ಬೇರೆ ತುಳಿದು ಹಾಕಿತ್ತು.

ಹಲಗೆ ಎಲ್ಲಿವರೆಗೆ ಬಂದಿದ್ವಿ? ನಾಲ್ಕು, ಐದು ಬಿಡಿ. ಒಂದು ಜೇನಿಂದು, ಜೇನು ಎಲ್ಲೂ ಸಿಗ್ಲಿಲ್ಲ. ಇನ್ನೊಂದು ಪ್ಯಾಶನ್ ಫ್ರೂಟಿನ ಹುಳಿ ಬಿಯರ್, ಹಂದಿ ಮಾಂಸದ ಪಂದಿಕರಿಗೆ ಹುಳಿಗೆ ಅಂತ ಹಾಕೋ ಕಚ್ಚಂಪುಳಿ ಕೈ ಜಾರಿ ಬಿದ್ದ ಹಾಗೆ. ಆರನೇದು ಸೀಸನ್ ಸ್ಪೆಷಲ್. ನೇರಳೆ ಬಣ್ಣ, ಹೆಸರು ಕಕ್ಕಡ ಸ್ಪೆಷಲ್.

ಇಲ್ಲಿ ನನಗೆ ನಿಜವಾಗ್ಲೂ ಉರೀತು. ಕೊಡಗಿನ ಪಂಚಾಂಗದ ಕಕ್ಕಡ ತಿಂಗಳು ಹುಟ್ಟೋದೇ ಜುಲೈ ಮಧ್ಯಕ್ಕೆ. ಮದ್ದು ಸೊಪ್ಪಿಗೆ ದಿನಕ್ಕೊಂದು ಔಷಧಿ ಸೇರ್ತಾ ಹದಿನೆಂಟನೇ ದಿನಕ್ಕೆ ಹದಿನೆಂಟೂ ಸೇರುತ್ತೆ, ಗಿಡ ಘಮ್ ಅನ್ನೋದು ಆವತ್ತೇ ಅಂತ ನಮ್ಮಲ್ಲಿ ನಂಬಿಕೆ. ಅದು ಆಗಸ್ಟ್ 3. ಆವತ್ತು ಸೊಪ್ಪು ಕುದಿಸಿ, ನೀರು ಸೋಸಿ, ಆ ನೇರಳೆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡ್ತಾರೆ. ನಂಬಿಕೆ ನಿಜಾನೋ ಸುಳ್ಳೋ ಆ ಕಡೆ ಇರ್ಲಿ, ಕಾಯೋದು ಅಂತ ಒಂದಿದೆಯಲ್ಲ. ಇವರು ಕಕ್ಕಡ ಹುಟ್ಟೋ ಮೊದ್ಲೇ ಕಕ್ಕಡಾನ ನಲ್ಲಿಗೆ ಜೋಡಿಸಿದ್ರು, ಹೆರಿಗೆಗೆ ಮುಂಚೆ ನಾಮಕರಣ. ಕುಡಿದ್ರೆ, ಇನ್ನೂ ಉರಿಯೋ ವಿಷ್ಯ ಏನಂದ್ರೆ, ಚೆನ್ನಾಗಿತ್ತು. ಆರರಲ್ಲಿ ಅದೇ ಚೆನ್ನಾಗಿತ್ತು. ಹುಡುಗನಿಗೆ ಹೇಳ್ಲಿಲ್ಲ.

ಅದರಲ್ಲಿ ನಿಜವಾಗ್ಲೂ ಸೊಪ್ಪು ಹಾಕಿದ್ದಾರಾ, ಬರೀ ಬಣ್ಣಾನಾ ಅಂತ ತಿಳ್ಕೊಳ್ಳೋಕೆ ಲ್ಯಾಬ್ ಬೇಡ. ಮದ್ದು ಪಾಯಸ ತಿಂದವರಿಗೆಲ್ಲ ಗೊತ್ತು, ಮಾರನೇ ದಿನ ಬೆಳಿಗ್ಗೆ ಬಾತ್‌ರೂಮಲ್ಲಿ ಕೆಂಪಗೆ ರಿಸಲ್ಟ್ ಬರುತ್ತೆ. ನನಗೆ ಬರ್ಲಿಲ್ಲ. ಭಾಮೈದನ್ನ ಕಳಿಸ್ದೆ, ಒಳಗಿಂದಾನೇ "ನಾರ್ಮಲ್ ಭಾವ" ಅಂತ ಕೂಗಿದ, ಅಡುಗೆಮನೇಲಿ ನನ್ನ ಹೆಂಡ್ತಿ ಏನು ನಾರ್ಮಲ್ಲು ಅಂತ ಕೇಳಿದ್ಲು, ಅದನ್ನ ವಿವರಿಸೋಕೆ ಹೋಗ್ಲಿಲ್ಲ. ಆದ್ರೆ ಪುಟಾಣಿ ಗ್ಲಾಸು, ಅಷ್ಟಕ್ಕೆ ಬಣ್ಣ ಎಲ್ಲಿಂದ ಬರುತ್ತೆ, ಸರಿಯಾಗಿ ಪರೀಕ್ಷೆ ಆಗ್ಬೇಕಂದ್ರೆ ದೊಡ್ಡ ಗ್ಲಾಸೇ ಕುಡೀಬೇಕು. ಇಷ್ಟು ದೊಡ್ಡ ಕಾರಣ ಸಿಕ್ಕಮೇಲೆ ಹೋಗದೆ ಇರೋದು ಹೇಗೆ.

ತೋಟದಲ್ಲಿ ಕೊಳೆರೋಗ, ಔಷಧಿ ಹೊಡೆಯೋದು, ಆಳು ಸಿಗದೇ ಇರೋದು, ಎಲ್ಲ ಮುಗ್ಸಿ ಹೋಗೋ ಹೊತ್ತಿಗೆ ಆಗಸ್ಟ್ 3 ಆಗಿತ್ತು. ಬೆಳಿಗ್ಗೆ ಮನೇಲಿ ಪಾಯಸ ಆಗಿತ್ತು, ಎರಡು ಬಟ್ಲು ತಿಂದು ಹೊರಟಿದ್ದೆ, ಅದರಿಂದ ಪರೀಕ್ಷೆ ಹೇಗೂ ಕೆಟ್ಟುಹೋಯ್ತು ಅಂತ ಅರ್ಧ ದಾರೀಲಿ ಹೊಳೀತು. ಅದೇ ಹುಡುಗ ಇದ್ದ.

"ಕಕ್ಕಡ ಒಂದು, ದೊಡ್ಡದು."

"ಸಾರಿ ಸರ್, ಸೀಸನಲ್ ಅದು. ಸೀಸನ್ ಮುಗೀತು."

"ಇವತ್ತೇ ಕಣಪ್ಪ ಕಕ್ಕಡ ಹದಿನೆಂಟು!"

"ಹೌದಾ ಸರ್?" ಅಂದ, ಅವನು ಹಾಸನ ಕಡೆಯವನು, ಅವನದ್ದೇನು ತಪ್ಪು. "ಮುಂದಿನ ವಾರ ಕೈಲ್‌ಪೊಳ್ದ್ ಸ್ಪೆಷಲ್ ಬರುತ್ತೆ ಸರ್." ಕೈಲ್‌ಪೊಳ್ದ್ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ, ಅದು ಸೆಪ್ಟೆಂಬರಿಗೆ. ನಾನು ಮಾತಾಡ್ಲಿಲ್ಲ.

ಮತ್ತೇನಿದೆ ಅಂತ ಬೋರ್ಡ್ ನೋಡಿದೆ. ಕಾಫಿ ಸ್ಟೌಟ್ ಮುಂದೆ ಬಣ್ಣದ ಸೀಮೆಸುಣ್ಣದಲ್ಲಿ ಹೊಸದಾಗಿ ಬರ್ದಿದ್ರು: ಡಾರ್ಕ್ ಚಾಕೊಲೇಟ್, ಕ್ಯಾರಮೆಲ್, ಮಳೆಯಲ್ಲಿ ನೆನೆದ ಸೆಣಬು. ಗ್ಲಾಸಿಗೆ ಇಪ್ಪತ್ತು ರೂಪಾಯಿ ಜಾಸ್ತಿ.

ವ್ಯಾಪಾರಿ ನೆನಪಾದ. ಬೋರ್ಡಿನ ಫೋಟೋ ತೆಗ್ದು ಅವನಿಗೆ ವಾಟ್ಸಾಪ್ ಮಾಡಿದೆ. ಎರಡು ಟಿಕ್ ನೀಲಿ ಆಯ್ತು, ಉತ್ತರ ಬರ್ಲಿಲ್ಲ. ಕೊನೆಗೆ ಸ್ಟೌಟನ್ನೇ ತರಿಸಿದೆ, ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು, ಮೂಗಿಟ್ಟು ಮೂಸಿದೆ. ಈ ಸಲ ಗೋಣಿ ಎಲ್ಲೂ ಇರ್ಲಿಲ್ಲ, ಕರೆಂಟ್ ಬಂದು ವಾರಗಳೇ ಆಗಿತ್ತಲ್ಲ, ಆವತ್ತಿನ ವಾಸನೆ ಮೂರು ದಿನದಿಂದ ಒಣಗದೇ ಇದ್ದ ನನ್ನ ಸ್ವೆಟರಿಂದಾಗಿರ್ಬೇಕು.