ಡಿಸೆಂಬರ್ ಯಾಕೆ, ಏಪ್ರಿಲ್ ನೋಡಿ
ಫಿನ್ಲೆಂಡಿನ ಲೆವಿ ಎಂಬ ತಾಣದಲ್ಲಿ ಸ್ಕೀಯಿಂಗ್ (ಹಿಮದ ಮೇಲೆ ಜಾರುವ ಆಟ) ಮಾಡಲು ಡಿಸೆಂಬರೇ ಸರಿ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಲೆವಿ ಇರುವುದು ಆರ್ಕ್ಟಿಕ್ ವೃತ್ತದ ಆಚೆ, ಉತ್ತರ ಧ್ರುವದ ಕಡೆಗೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ದೀಪದ ಬೆಳಕಿನಲ್ಲೇ ಜಾರಬೇಕು. ಚಳಿಯಂತೂ ಕೇಳಲೇಬೇಡಿ: ಲೆವಿ ಇರುವ ಕಿಟ್ಟಿಲಾ ಪ್ರದೇಶದಲ್ಲೇ 1999ರ ಜನವರಿಯಲ್ಲಿ ಮೈನಸ್ 51.5 ಡಿಗ್ರಿ ದಾಖಲಾಗಿತ್ತು. 20 ಡಿಗ್ರಿಗೇ ಸ್ವೆಟರ್ ಹುಡುಕುವ ನಮ್ಮ ಕಲಬುರಗಿಯವರಿಗೆ ಮೊದಲ ಸಲಕ್ಕೇ ಇದು ಜಾಸ್ತಿ ಆಯ್ತು, ಅಲ್ವಾ? ಏಪ್ರಿಲ್ ನಡುವಿಗೆ ಹೋಗಿ. ಆಗಲೂ ಅಲ್ಲಿ ಹಿಮ ಇರುತ್ತದೆ, ಹಗಲು ಸುಮಾರು 15 ತಾಸು. ಇಲ್ಲಿ ಮಕ್ಕಳಿಗೆ ರಜೆ, ಬಿಸಿಲು 40 ದಾಟಿರುತ್ತದೆ. ಫಿನ್ಲೆಂಡಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಪ್ರಯಾಣ ವಿಮೆ ಮಾಡಿಸುವಾಗ ಸ್ಕೀಯಿಂಗ್ ಸೇರಿದೆಯಾ ಅಂತ ಕೇಳಿ, ಸಾಮಾನ್ಯ ಪಾಲಿಸಿಯಲ್ಲಿ ಎಷ್ಟೋ ಸಲ ಇರುವುದಿಲ್ಲ.