ಟ್ಯಾರೋ ಕಾರ್ಡು ಹರಡಲು ಪರದೆಯ ಮೇಜು ಆದೀತೇ?

ಪರ: ಕೇಳುವವರ ಕೈಗೂ ಕಾರ್ಡು ಸಿಗಲಿ

ವೀಡಿಯೊ ಕರೆಯಲ್ಲಿ ಟ್ಯಾರೋ (ಚಿತ್ರದ ಕಾರ್ಡು ಹರಡಿ ಹೇಳುವ ಭವಿಷ್ಯ) ಕೇಳಿದವರಿಗೆ ಈ ಪೀಕಲಾಟ ಗೊತ್ತು. ಕಾರ್ಡು ನೋಡಿ ಅರ್ಥ ಹೇಳುವ ರೀಡರ್ ಅದನ್ನು ಕ್ಯಾಮೆರಾದ ಹತ್ತಿರ ಹಿಡಿಯುತ್ತಾರೆ, ಅದರ ನುಣುಪಿಗೆ ದೀಪದ ಬೆಳಕು ಬಡಿದು ಅರ್ಧ ಚಿತ್ರ ಮಾಯ. ‘ಎಂಟು ಬಟ್ಟಲುಗಳು, ಕೆಂಪು ನಿಲುವಂಗಿಯವನೊಬ್ಬ ಬೆನ್ನು ತಿರುಗಿಸಿ ಹೊರಟಿದ್ದಾನೆ ನೋಡಿ’ ಎನ್ನುತ್ತಾರೆ. ನಮಗೆ ಕಾಣುವುದು ಅವರ ಹೆಬ್ಬೆರಳು.

ಅದೇ ಕಾರ್ಡು, ಎಲ್ಲರೂ ತಂತಮ್ಮ ಕಂಪ್ಯೂಟರ್ ಪರದೆಯಲ್ಲಿ ಒಟ್ಟಿಗೆ ನೋಡಿ ಸರಿಸಬಹುದಾದ ಮೇಜಿನಲ್ಲಿ, ಅಂದರೆ ವರ್ಚುವಲ್ ಟೇಬಲ್‌ಟಾಪ್‌ನಲ್ಲಿದ್ದರೆ ಕೇಳುವವರೇ ಅದನ್ನು ದೊಡ್ಡದು ಮಾಡಿಕೊಂಡು ನೋಡಬಹುದು. ಕೆಳಗಿನ ಸಾಲಿನಲ್ಲಿ ಐದು ಬಟ್ಟಲು, ಮೇಲೆ ಮೂರು. ಆ ಮೇಲಿನ ಸಾಲಿನ ನಡುವೆ ಒಂದು ಬಟ್ಟಲಿನಷ್ಟು ಜಾಗ ಖಾಲಿ. ‘ಅಲ್ಲೊಂದು ಕಡಿಮೆ ಇದೆಯಲ್ಲ?’ ಎಂಬ ಮಾತು ಅವರ ಬಾಯಿಂದಲೇ ಬಂದರೆ ರೀಡರ್‌ಗೆ ಅರ್ಧ ಕೆಲಸ ಮುಗಿದಂತೆ. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ರೈಡರ್-ವೇಟ್ ಎಂಬ ಟ್ಯಾರೋ ಡೆಕ್ಕಿಗೆ (ಕಾರ್ಡುಗಳ ಕಟ್ಟಿಗೆ) ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್, ಹಳೆಯ ಡೆಕ್ಕುಗಳಲ್ಲಿ ಹೆಚ್ಚಾಗಿ ಬರೀ ಬಟ್ಟಲು, ಕತ್ತಿ, ಕೋಲುಗಳ ಎಣಿಕೆಯಷ್ಟೇ ಇರುತ್ತಿದ್ದ ಕಾರ್ಡುಗಳಿಗೂ ಮನುಷ್ಯರನ್ನು ಕರೆತಂದವರು. ಆ ಮನುಷ್ಯರೇ ಕಾಣದಿದ್ದರೆ ಆಕೆಯ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ರೋಲ್ ಟ್ವೆಂಟಿ, ಟೇಬಲ್‌ಟಾಪ್ ಸಿಮ್ಯುಲೇಟರ್‌ನಂಥವು ಆಟಕ್ಕೆಂದು ಹುಟ್ಟಿದ ತಂತ್ರಾಂಶಗಳು, ಅಲ್ಲಿ ಟ್ಯಾರೋಗೇನು ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಟ್ಯಾರೋ ಹುಟ್ಟಿದ್ದೇ ಆಟಕ್ಕೆ! 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಅದು ಇಸ್ಪೀಟಿನಂತೆ ಕೂತು ಆಡುವ ಆಟವಾಗಿತ್ತು. ಭವಿಷ್ಯ ನೋಡುವ ರೂಢಿ ಬಲಗೊಂಡದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಆಟದ ಮೇಜೆಂದರೆ ಅದಕ್ಕೆ ತವರುಮನೆ.

ಇನ್ನು ಕಲೆಸುವ ಮಾತು. 52 ಎಲೆಗಳ ಇಸ್ಪೀಟು ಕಟ್ಟು ಚೆನ್ನಾಗಿ ಬೆರೆಯಬೇಕಾದರೆ, ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸುವ ಕೆಲಸ ಸುಮಾರು ಏಳು ಸಲ ನಡೆಯಬೇಕೆಂದು ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಟ್ಯಾರೋ ಕಾರ್ಡುಗಳು 78, ಸಾಮಾನ್ಯವಾಗಿ ಗಾತ್ರವೂ ದೊಡ್ಡದು. ಅಷ್ಟು ತಾಳ್ಮೆಯಿಂದ ಕಲೆಸುವ ರೀಡರ್‌ಗಳು ಎಷ್ಟು ಮಂದಿ? ಕಂಪ್ಯೂಟರ್ ಕ್ಷಣದಲ್ಲಿ ಬೆರೆಸುತ್ತದೆ. ಆಮೇಲೆ, ಎಲ್ಲೋ ದೂರದಲ್ಲಿ ಕುಳಿತವರು ತಮ್ಮ ಕಾರ್ಡನ್ನು ತಾವೇ ಎಳೆದು, ತಾವೇ ತಿರುಗಿಸುತ್ತಾರೆ. ಕ್ಯಾಮೆರಾದ ಮುಂದೆ ‘ಎಡಗಡೆಯದೋ ಬಲಗಡೆಯದೋ ಹೇಳಿ’ ಎನ್ನಿಸಿಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ.

ವಿರೋಧ: ಆ ಕ್ಷಣವೇ ನನ್ನ ತಕರಾರು

ರೀಡರ್ ಎರಡು ನಿಮಿಷ ಕಾರ್ಡು ಕಲೆಸುತ್ತಿರುವಾಗ ಎದುರಿನವರ ಮನಸ್ಸು ಸುಮ್ಮನಿರುವುದಿಲ್ಲ. ‘ಕೆಲಸ ಬಿಡಲೋ ಬೇಡವೋ’ ಎಂದು ಶುರುವಾದ ಪ್ರಶ್ನೆ, ಆ ಸರಸರ ಸದ್ದು ಕೇಳುತ್ತ ಕೇಳುತ್ತ ‘ಅಲ್ಲ, ಬಿಟ್ಟರೆ ಅಪ್ಪನಿಗೆ ಹೇಗೆ ಹೇಳಲಿ’ ಎಂದಾಗುತ್ತದೆ. ಅವರು ಕೇಳಬೇಕೆಂದು ಬಂದದ್ದು ಎರಡನೆಯದನ್ನು. ಗುಂಡಿ ಒತ್ತಿದೊಡನೆ ಬೆರೆತುಹೋಗುವ ಕಟ್ಟು ಮೊದಲನೆಯದಕ್ಕೇ ಉತ್ತರ ಕೊಟ್ಟುಬಿಡುತ್ತದೆ. (ಕಾರ್ಡು ಭವಿಷ್ಯ ಹೇಳುತ್ತದೆಯೇ ಎಂಬುದು ಬೇರೆ ಜಗಳ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.)

ತಲೆಕೆಳಗಾದ ಕಾರ್ಡಿನ ವಿಷಯಕ್ಕೆ ಬನ್ನಿ. ನೇರವಾಗಿ ಬಿದ್ದ ‘ಸೂರ್ಯ’ ಎಂಬ ಕಾರ್ಡಿಗೂ ತಲೆಕೆಳಗಾಗಿ ಬಿದ್ದ ಸೂರ್ಯನಿಗೂ ಬಹಳಷ್ಟು ರೀಡರ್‌ಗಳು ಬೇರೆ ಬೇರೆ ಅರ್ಥ ಹೇಳುತ್ತಾರೆ. ಆಟಕ್ಕೆಂದು ಬರೆದ ಕಲೆಸುವ ಸೂತ್ರಕ್ಕೆ ಕಾರ್ಡುಗಳ ಸರದಿ ಬದಲಿಸುವುದಷ್ಟೇ ಗೊತ್ತು, ತಲೆ-ಕಾಲಿನ ಗೊಡವೆ ಅದಕ್ಕಿಲ್ಲ. ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ 78 ಕಾರ್ಡುಗಳೂ ನೆಟ್ಟಗೇ ಬೀಳುತ್ತವೆ. ಆಗ ದಾಳ ಉರುಳಿಸಿ, ಸರಿಸಂಖ್ಯೆ ಬಂದರೆ ತಿರುಗಿಸೋಣ ಎಂಬ ಉಪಾಯ. ಟ್ಯಾರೋ ಕೇಳಲು ಬಂದವರು ದಾಳ ನೋಡುತ್ತ ಕೂರಬೇಕು.

ಮೇಜು ಯಾರದು ಎಂಬ ಪ್ರಶ್ನೆಯೂ ಇದೆ. ಪಾತ್ರ ವಹಿಸಿ ಆಡುವ ಆಟಗಳಲ್ಲಿ ಆಟ ನಡೆಸುವವರಿಗೆ ಉಳಿದವರಿಗೆ ಕಾಣದ್ದೂ ಕಾಣಬೇಕು. ಈ ಮೇಜುಗಳು ಒಡೆಯರಿಗೆ ಹೆಚ್ಚಿನ ಅಧಿಕಾರ ಕೊಡುವುದು ಅದಕ್ಕೇ. ರೀಡರ್ ಒಡೆಯರಾದರೆ ಮುಚ್ಚಿದ ಕಾರ್ಡನ್ನೂ ಇಣುಕಿ ನೋಡಿಯಾರು. ಕೈಯಲ್ಲಿ ಹಿಡಿದ ಕಟ್ಟಿನಲ್ಲೂ ಕೈಚಳಕ ನಡೆದೀತು, ಆದರೆ ಅಲ್ಲಿ ಕಣ್ಣಿಟ್ಟು ನೋಡಲು ಒಂದು ಕೈಯಾದರೂ ಇರುತ್ತದೆ. ಚಿತ್ರಗಳ ಹಕ್ಕಿನ ಮಾತು ಚಿಕ್ಕದು. ಸ್ಮಿತ್ 1951ರಲ್ಲಿ ತೀರಿಕೊಂಡರು, ಅವರ ಮೂಲ ಚಿತ್ರಗಳ ಹಕ್ಕು ಬ್ರಿಟನ್ನಿನಲ್ಲೂ 2021ರ ಕೊನೆಗೆ ಮುಗಿಯಿತು. ಅವನ್ನು ಧಾರಾಳವಾಗಿ ಬಳಸಲಿ. ಇಂದಿನ ಕಲಾವಿದರ ಡೆಕ್ಕನ್ನು ಸ್ಕ್ಯಾನ್ ಮಾಡಿ ಹೇಳದೆ ಕೇಳದೆ ಮೇಜಿಗೆ ಏರಿಸುವುದು ಕಳ್ಳತನ.

ಹೀಗೊಂದು ಓದಿನಲ್ಲಿ ನಾನೂ ಜೊತೆಗಿದ್ದೆ. ಹತ್ತು ಕಾರ್ಡುಗಳನ್ನು ಹರಡುವ ‘ಕೆಲ್ಟಿಕ್ ಶಿಲುಬೆ’ ಎಂಬ ಕ್ರಮ. ಅದರಲ್ಲಿ ಎರಡನೆಯ ಕಾರ್ಡು ಮೊದಲನೆಯದರ ಮೇಲೆ ಅಡ್ಡಲಾಗಿ ಕೂರಬೇಕು. ಮೇಜಿನ ಚೌಕಳಿ ಗೆರೆಗಳು ಅದನ್ನು ಪಕ್ಕಕ್ಕೆ ಸೆಳೆದುಕೊಂಡವು. ಮತ್ತೆ ತಂದಿಟ್ಟರೆ ಮೊದಲನೆಯದರ ಅಡಿಗೆ ನುಸುಳಿತು. ಮೂರನೆಯ ಸಲ ರೀಡರ್ ತಾವೇ ಸರಿಪಡಿಸಲು ಹೋದಾಗ, ಅಷ್ಟು ಹೊತ್ತು ಅಳು ನುಂಗಿಕೊಂಡು ಕುಳಿತಿದ್ದ, ಕೇಳಲು ಬಂದ ಮಹಿಳೆ ಮೊದಲ ಬಾರಿಗೆ ಬಾಯಿಬಿಟ್ಟರು: ‘ನಾನೇನಾದರೂ ತಪ್ಪು ಒತ್ತಿದೆನೇ?’